ಬ್ರೆಜಿಲಿನ ಕಾಫಿ ಬಲ್ಲೆವು, ಬ್ರೆಜಿಲಿನ ಊಟ ಬಲ್ಲೆವೆ?



ಬ್ರೆಜಿಲ್ ದೇಶದ ಹೆಸರು ನಮ್ಮ ಸದಸ್ಯರಿಗೆ ಹೊಸದಲ್ಲ. ಅಲ್ಲಿ ಹಿಮ ಬಿದ್ದಿತೆಂದರೆ ಇಲ್ಲಿ ನಮ್ಮ ಕಣದಲ್ಲಿ ಮಾತು ಶುರುವಾಗುತ್ತದೆ. 1975ರ ಜುಲೈ ತಿಂಗಳಲ್ಲಿ ಅಲ್ಲಿನ ಪರಾನಾ ರಾಜ್ಯದ ಕಾಫಿ ತೋಟಗಳು ಹಿಮಕ್ಕೆ ಸಿಕ್ಕಿ ಕರಕಲಾದವು. ಮುಂದಿನ ಎರಡು ವರ್ಷ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. ಹಿರಿಯ ಬೆಳೆಗಾರರು ಅದನ್ನು ಇಂದಿಗೂ ನೆನೆಸಿಕೊಳ್ಳುತ್ತಾರೆ. ಅಲ್ಲಿ ಫಸಲು ಚೆನ್ನಾಗಿದೆಯೆಂದರೆ ನಮಗೆ ಚಿಂತೆ, ಕೆಟ್ಟಿತೆಂದರೆ ನಮಗೆ ಆಸೆ. ಜಗತ್ತಿನ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಬೆಳೆಯುವ ಆ ದೇಶದ ಬಗ್ಗೆ ನಮ್ಮ ಕುತೂಹಲ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ.

ಆದರೆ ಬ್ರೆಜಿಲಿನಿಂದ ನಾವು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಅದು ಕಾಫಿಯದಲ್ಲ, ಊಟದ್ದು. ಇಷ್ಟೆಲ್ಲ ಬೆಳೆದು ಹೊರದೇಶಗಳಿಗೆ ಕಳಿಸುವ ಆ ನಾಡಿನಲ್ಲಿ ಕೋಟ್ಯಂತರ ಜನ ಹಸಿದಿದ್ದರು. ಸರಕಾರ ಮನಸ್ಸು ಮಾಡಿದಾಗ ಹತ್ತು ಹನ್ನೆರಡು ವರ್ಷಗಳಲ್ಲಿ ಹಸಿವು ಬಹುಮಟ್ಟಿಗೆ ಅಡಗಿತು. ಕೈ ಸಡಿಲ ಬಿಟ್ಟಾಗ ಮತ್ತೆ ಬಂತು. ಈ ಕೆಲಸದಲ್ಲಿ ನಮ್ಮಂಥ ಸಣ್ಣ ಹಿಡುವಳಿದಾರರಿಗೂ ಒಂದು ಪಾತ್ರವಿತ್ತು. ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬೆಳೆಯುವ ನಾಡಿನಲ್ಲೇ ಹಸಿವು

1930ರ ಸುಮಾರಿಗೆ ಜಗತ್ತಿನ ಪೇಟೆ ಕುಸಿದಾಗ ಬ್ರೆಜಿಲ್ ಸರಕಾರ ಕಾಫಿಯ ಬೆಲೆ ಹಿಡಿದು ನಿಲ್ಲಿಸಲು ಕಾಫಿಯನ್ನೇ ಸುಟ್ಟಿತು. 1931ರಿಂದ 1944ರವರೆಗೆ ಹೀಗೆ ನಾಶ ಮಾಡಿದ್ದು ಅರವತ್ತು ಕಿಲೋ ತೂಕದ 7.8 ಕೋಟಿ ಚೀಲಗಳು. ಬೆಳೆಗಾರನನ್ನು ಉಳಿಸಬೇಕೆಂಬ ಉದ್ದೇಶ ತಪ್ಪಲ್ಲ. ಆದರೆ ಅದೇ ಕಾಲದಲ್ಲಿ ಅದೇ ದೇಶದ ಈಶಾನ್ಯ ಭಾಗದಲ್ಲಿ ಮಕ್ಕಳು ಹೊಟ್ಟೆಗಿಲ್ಲದೆ ಸಾಯುತ್ತಿದ್ದರು. ಅವರಿಗಾಗಿ ಅಂಥ ಯಾವ ದೊಡ್ಡ ಯೋಜನೆಯೂ ಇರಲಿಲ್ಲ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಜೋಸುಯೆ ದೆ ಕಾಸ್ತ್ರೊ ಎಂಬ ವೈದ್ಯರು. ಪೆರ್ನಾಂಬುಕೊ ರಾಜ್ಯದ ರೆಸಿಫೆ ನಗರದವರು. 1946ರಲ್ಲಿ ಅವರು ಬರೆದ 'ಹಸಿವಿನ ಭೂಗೋಳ' ಎಂಬ ಪುಸ್ತಕ ಪ್ರಸಿದ್ಧವಾಯಿತು. ಹಸಿವೆಂಬುದು ದೈವೇಚ್ಛೆಯಲ್ಲ, ಮನುಷ್ಯರು ಮಾಡಿಕೊಂಡ ವ್ಯವಸ್ಥೆಯ ಫಲ ಎಂಬುದು ಅವರ ವಾದ. ಈಶಾನ್ಯದ ಕರಾವಳಿಯ ಮಣ್ಣು ಫಲವತ್ತಾದುದು. ಅಲ್ಲಿ ಹಣ್ಣು, ತರಕಾರಿ, ಕಾಳು ಏನು ಬೇಕಾದರೂ ಬೆಳೆಯಬಹುದಿತ್ತು. ಆದರೆ ಕಬ್ಬಿನ ಎಸ್ಟೇಟುಗಳು ಮನೆ ಬಾಗಿಲವರೆಗೂ ಹಬ್ಬಿ, ಕೂಲಿಕಾರನಿಗೆ ಒಂದು ಪಾತಿ ಸೊಪ್ಪು ಬೆಳೆಯಲೂ ಜಾಗ ಉಳಿಯಲಿಲ್ಲ. ಮರಗೆಣಸಿನ ಹಿಟ್ಟೇ ಅವನ ಮುಖ್ಯ ಆಹಾರವಾಯಿತು. ಹೊಟ್ಟೆ ತುಂಬಿದಂತೆ ಕಂಡರೂ ಮೈಗೆ ಬೇಕಾದ ಸತ್ವ ಸಿಗುತ್ತಿರಲಿಲ್ಲ. ಇದನ್ನು ಅವರು ಒಳಹಸಿವೆಂದು ಗುರುತಿಸಿದರು. ಕಾಸ್ತ್ರೊ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಂಡಳಿಗೆ ಅಧ್ಯಕ್ಷರಾದರು. 1964ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ತಾಯ್ನಾಡಿಗೆ ಮರಳಲಾಗದೆ 1973ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಒಂದೇ ಬೆಳೆಯ ನಾಡಿನಲ್ಲಿ ಊಟ ಹೇಗೆ ಬಡವಾಗುತ್ತದೆಂಬ ಅವರ ಮಾತು ಅಡಿಕೆ, ಕಾಫಿ ಬೆಳೆಯುವ ನಮಗೆ ನಾಟದೆ ಇರದು. ನಾವು ಬೆಳೆಯುವ ಎರಡೂ ಹೊಟ್ಟೆಗೆ ಹಾಕುವ ವಸ್ತುಗಳಲ್ಲ.

ಕಣಜ, ಕೈ, ತಟ್ಟೆ

ಆಹಾರ ಭದ್ರತೆ ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಅದರ ಅರ್ಥವನ್ನು ಮೂರು ಮಾತಿನಲ್ಲಿ ಹೇಳಬಹುದು. ಮೊದಲನೆಯದು ಕಣಜ: ದೇಶದಲ್ಲಿ ಸಾಕಷ್ಟು ಧಾನ್ಯವಿರಬೇಕು. ಎರಡನೆಯದು ಕೈ: ಅದನ್ನು ಕೊಳ್ಳಲು ಬಡವನ ಕೈಯಲ್ಲಿ ಹಣವಿರಬೇಕು, ಇಲ್ಲವೇ ಬೇರೆ ದಾರಿಯಲ್ಲಿ ಅದು ಅವನಿಗೆ ದೊರೆಯಬೇಕು. ಮೂರನೆಯದು ತಟ್ಟೆ: ಊಟದಲ್ಲಿ ಅನ್ನವಷ್ಟೇ ಅಲ್ಲದೆ ಕಾಳು, ಸೊಪ್ಪು, ಹಣ್ಣು, ಹಾಲು, ಮೊಟ್ಟೆ ಮೊದಲಾದವು ಇರಬೇಕು. ಜೊತೆಗೆ ಶುದ್ಧ ನೀರು, ಚೊಕ್ಕಟವೂ ಬೇಕು. ಭೇದಿಯಾಗುವ ಮಗುವಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಈ ಮೂರೂ ವರ್ಷದ ಹನ್ನೆರಡು ತಿಂಗಳೂ ಇರಬೇಕು. ಸುಗ್ಗಿಯಲ್ಲಿ ಇದ್ದು ಆಷಾಢದಲ್ಲಿ ಇಲ್ಲದಿದ್ದರೆ ಅದು ಭದ್ರತೆಯಲ್ಲ.

ಅಭಿವೃದ್ಧಿಶೀಲ ದೇಶಗಳ ಸರಕಾರಗಳು ಬಹುಕಾಲ ಕಣಜವನ್ನೇ ನೋಡಿಕೊಂಡವು. ನಮ್ಮಲ್ಲೂ 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿದ್ದು, ಹಸಿರು ಕ್ರಾಂತಿ ನಡೆದದ್ದು ಇದಕ್ಕಾಗಿಯೇ. ಅದು ಅಗತ್ಯವಾಗಿತ್ತು, ಫಲವನ್ನೂ ಕೊಟ್ಟಿತು. ಆದರೆ ಕಣಜ ತುಂಬಿದ ಮಾತ್ರಕ್ಕೆ ತಟ್ಟೆ ತುಂಬುವುದಿಲ್ಲ. ಬ್ರೆಜಿಲಿನ ವಿಶೇಷವೆಂದರೆ ಅದು ಕೈ ಮತ್ತು ತಟ್ಟೆಗಳ ಕಡೆ ತಿರುಗಿದ್ದು.

ಒಂದು ನಗರ ತೋರಿದ ದಾರಿ

ಮಿನಾಸ್ ಜೆರೈಸ್ ಬ್ರೆಜಿಲಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ರಾಜ್ಯ. ನಮ್ಮ ದೇಶಕ್ಕೆ ಕರ್ನಾಟಕ ಹೇಗೋ ಹಾಗೆ. ಅದರ ರಾಜಧಾನಿ ಬೆಲೊ ಹೊರಿಜಾಂಟೆ. 1993ರಲ್ಲಿ ಆ ನಗರದ ಮೇಯರ್ ಆದ ಪತ್ರುಸ್ ಅನನಿಯಾಸ್ ಎಂಬವರು, ಊಟವೆಂಬುದು ನಾಗರಿಕನ ಹಕ್ಕೆಂದು ಸಾರಿ, ನಗರಾಡಳಿತದಲ್ಲಿ ಆಹಾರಕ್ಕಾಗಿಯೇ ಒಂದು ಇಲಾಖೆ ತೆರೆದರು.

ಆ ಇಲಾಖೆ ಮಾಡಿದ್ದು ಸರಳ ಕೆಲಸಗಳು. ಕಡಿಮೆ ಬೆಲೆಗೆ ಬಿಸಿಯೂಟ ಕೊಡುವ ಜನತಾ ಭೋಜನಶಾಲೆಗಳನ್ನು ತೆರೆಯಲಾಯಿತು. ಬಡವರೂ ಗುಮಾಸ್ತರೂ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ನಿಂತು ಊಟ ಮಾಡಿದರು. ಯಾರು ಬಡವರೆಂದು ವಿಚಾರಿಸುವ ಪದ್ಧತಿಯಿರಲಿಲ್ಲ, ಆದ್ದರಿಂದ ಅವಮಾನವೂ ಇರಲಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇನ್ನೊಂದು ಉಪಾಯ ಹೀಗೆ: ನಗರದ ಒಳ್ಳೆಯ ಜಾಗಗಳಲ್ಲಿ ಹಣ್ಣು ತರಕಾರಿಯ ಅಂಗಡಿ ಹಾಕಲು ವ್ಯಾಪಾರಿಗಳಿಗೆ ಪರವಾನಗಿ ಕೊಟ್ಟು, ಅದಕ್ಕೆ ಬದಲಾಗಿ ಹಲವು ಪದಾರ್ಥಗಳನ್ನು ನಗರಾಡಳಿತ ನಿಗದಿ ಮಾಡಿದ ಕಡಿಮೆ ಬೆಲೆಗೆ ಮಾರುವ ಷರತ್ತು ಹಾಕಿದರು. ಸುತ್ತಲ ಹಳ್ಳಿಗಳ ರೈತರು ದಲ್ಲಾಳಿಯಿಲ್ಲದೆ ನೇರವಾಗಿ ಮಾರಲು ಕಟ್ಟೆಗಳನ್ನು ಕೊಟ್ಟರು. ಇಷ್ಟಕ್ಕೆಲ್ಲ ಆದ ಖರ್ಚು ನಗರದ ಆಯವ್ಯಯದ ಶೇಕಡಾ 2ಕ್ಕಿಂತ ಕಡಿಮೆ.

ತಾಯಿಯ ಕೈಗೆ ಹಣ

2003ರ ಜನವರಿಯಲ್ಲಿ ಲೂಲಾ ದ ಸಿಲ್ವ ಅಧ್ಯಕ್ಷರಾದರು. ಅವರೂ ಪೆರ್ನಾಂಬುಕೊದವರೇ, ಬಡತನದಲ್ಲಿ ಬೆಳೆದವರು. ಪ್ರತಿಯೊಬ್ಬ ಬ್ರೆಜಿಲ್ ಪ್ರಜೆಯೂ ದಿನಕ್ಕೆ ಮೂರು ಹೊತ್ತು ಉಣ್ಣುವಂತಾಗಬೇಕೆಂಬುದೇ ತಮ್ಮ ಗುರಿಯೆಂದು ಸಾರಿ 'ಶೂನ್ಯ ಹಸಿವು' ಎಂಬ ಯೋಜನೆಯನ್ನು ಆರಂಭಿಸಿದರು. ಇದರ ರೂಪುರೇಷೆ ಹಾಕಿದವರಲ್ಲಿ ಪ್ರಮುಖರು ಕೃಷಿ ಅರ್ಥಶಾಸ್ತ್ರಜ್ಞ ಜೋಸೆ ಗ್ರಾಸಿಯಾನೊ. ಇವರೇ 2012ರಿಂದ 2019ರವರೆಗೆ ಆಹಾರ ಮತ್ತು ಕೃಷಿ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು.

ಮೊದಲ ಹೆಜ್ಜೆ ಸರಿಬೀಳಲಿಲ್ಲ. ಬಡ ಕುಟುಂಬಕ್ಕೆ ಕೊಟ್ಟ ಹಣವನ್ನು ಆಹಾರಕ್ಕೇ ಖರ್ಚು ಮಾಡತಕ್ಕದ್ದೆಂಬ ಕಟ್ಟುಪಾಡು ಹಾಕಿದರು. ಅದನ್ನು ನೋಡಿಕೊಳ್ಳುವುದೇ ದೊಡ್ಡ ತೊಡಕಾಯಿತು. ತಪ್ಪನ್ನು ಬೇಗ ಒಪ್ಪಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ಆಗಲೇ ಇದ್ದ ನಾಲ್ಕು ಸಹಾಯಧನಗಳನ್ನು ಒಂದುಗೂಡಿಸಿ 'ಬೋಲ್ಸಾ ಫಮೀಲಿಯಾ', ಅಂದರೆ ಕುಟುಂಬ ಸಹಾಯಧನವೆಂಬ ಒಂದೇ ಯೋಜನೆ ಮಾಡಿದರು. ತಿಂಗಳಿಗೊಮ್ಮೆ ಬ್ಯಾಂಕಿನ ಕಾರ್ಡಿನ ಮೂಲಕ ಹಣ ಬರುತ್ತದೆ. ಕಾರ್ಡು ಸಾಮಾನ್ಯವಾಗಿ ಮನೆಯ ಹೆಂಗಸಿನ ಹೆಸರಿನಲ್ಲಿರುತ್ತದೆ. ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸಬೇಕು, ಲಸಿಕೆ ಹಾಕಿಸಬೇಕು, ಬಸುರಿಯರು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ಷರತ್ತು ಇಷ್ಟೇ. ಹತ್ತು ವರ್ಷದಲ್ಲಿ ಇದು ಒಂದು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳನ್ನು, ಎಂದರೆ ದೇಶದ ಜನರಲ್ಲಿ ಸುಮಾರು ಕಾಲು ಭಾಗವನ್ನು ಮುಟ್ಟಿತು. ಖರ್ಚು ರಾಷ್ಟ್ರೀಯ ಉತ್ಪನ್ನದ ಶೇಕಡಾ ಅರ್ಧದಷ್ಟು ಮಾತ್ರ.

ಇದರ ಜೊತೆಗೆ ಕನಿಷ್ಠ ಕೂಲಿಯನ್ನು ಬೆಲೆಯೇರಿಕೆಗಿಂತ ಹೆಚ್ಚಾಗಿ ಏರಿಸುತ್ತ ಬಂದರು. 1988ರ ಸಂವಿಧಾನದ ಪ್ರಕಾರ ಸಣ್ಣ ರೈತನಿಗೂ ಅವನ ಹೆಂಡತಿಗೂ ಮುಪ್ಪಿನಲ್ಲಿ ಕನಿಷ್ಠ ಕೂಲಿಯಷ್ಟು ಪಿಂಚಣಿಯ ಹಕ್ಕಿತ್ತು. ಕೂಲಿ ಏರಿದಂತೆ ಪಿಂಚಣಿಯೂ ಏರಿತು.

ಶಾಲೆಯ ಒಲೆಗೆ ಸಣ್ಣ ರೈತನ ತರಕಾರಿ

ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು.

ಬಡವರ ಕೈಗೆ ಹಣ ಬಂದರೆ ಅವರು ಆಹಾರ ಕೊಳ್ಳುತ್ತಾರೆ. ಆ ಆಹಾರವನ್ನು ಬೆಳೆದು ಕೊಡುವವರು ಯಾರು? ದೊಡ್ಡ ಕಂಪನಿಗಳೇ ಎಲ್ಲವನ್ನೂ ಪೂರೈಸಿದರೆ ಹಳ್ಳಿಯ ಸಣ್ಣ ರೈತ ಬಡವನಾಗಿಯೇ ಉಳಿಯುತ್ತಾನೆ. ಹಸಿದವರಲ್ಲಿ ಅವನೂ ಒಬ್ಬ. ಆದ್ದರಿಂದ 2003ರಲ್ಲೇ ಆಹಾರ ಖರೀದಿ ಯೋಜನೆಯೊಂದನ್ನು ತಂದರು. ಅದರಂತೆ ಸರಕಾರವು ಸಣ್ಣ ರೈತರಿಂದ ಟೆಂಡರಿಲ್ಲದೆ ನೇರವಾಗಿ ಕೊಂಡು ಆಶ್ರಮ, ಆಸ್ಪತ್ರೆ, ಅನ್ನಛತ್ರಗಳಿಗೆ ಕೊಡತೊಡಗಿತು. ಸಾವಯವ ಪದಾರ್ಥವಾದರೆ ಶೇಕಡಾ 30ರವರೆಗೆ ಹೆಚ್ಚಿನ ಬೆಲೆ ಕೊಡಲೂ ಅವಕಾಶವಿತ್ತು.

ದೊಡ್ಡ ಹೆಜ್ಜೆ ಬಂದದ್ದು 2009ರಲ್ಲಿ. ಬ್ರೆಜಿಲಿನಲ್ಲಿ ಶಾಲಾ ಮಕ್ಕಳ ಊಟದ ಯೋಜನೆ 1955ರಿಂದಲೂ ಇದೆ. ಆದರೆ ಬಹುಕಾಲ ಡಬ್ಬಿಯ ಪದಾರ್ಥ, ಹಿಟ್ಟು, ಬಿಸ್ಕತ್ತುಗಳೇ ದೂರದಿಂದ ಬರುತ್ತಿದ್ದವು. 2009ರ ಕಾನೂನು ಮೂರು ನಿಯಮಗಳನ್ನು ಮಾಡಿತು. ಸರಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಊಟ ಹಕ್ಕು. ಊಟದ ಪಟ್ಟಿಯನ್ನು ಪೌಷ್ಟಿಕ ತಜ್ಞರೇ ಸಿದ್ಧಪಡಿಸಬೇಕು, ಆ ಊರಿನ ಊಟದ ಪದ್ಧತಿಗೆ ಅದು ಒಗ್ಗಬೇಕು. ಮೂರನೆಯದಾಗಿ, ಕೇಂದ್ರದಿಂದ ಬರುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಸಣ್ಣ ಕುಟುಂಬ ರೈತರಿಂದ ಕೊಳ್ಳಲು ಬಳಸಬೇಕು. 2025ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, 2026ರಿಂದ ಈ ಪಾಲನ್ನು ಶೇಕಡಾ 45ಕ್ಕೆ ಏರಿಸಲಾಯಿತು.

ಇದು ನಡೆಯುವ ಬಗೆ ಹೀಗಿದೆ. ವರ್ಷದ ಊಟದ ಪಟ್ಟಿಯಂತೆ ಎಷ್ಟು ಬಾಳೆಹಣ್ಣು, ಎಷ್ಟು ಕುಂಬಳ, ಎಷ್ಟು ಸೊಪ್ಪು, ಎಷ್ಟು ಕಾಳು ಬೇಕೆಂದು ನಗರಸಭೆ ಲೆಕ್ಕ ಹಾಕುತ್ತದೆ. ಸ್ಥಳೀಯ ಪೇಟೆಯ ಧಾರಣೆ ವಿಚಾರಿಸಿ ಬೆಲೆಯನ್ನು ಮೊದಲೇ ಗೊತ್ತುಮಾಡಿ ಪ್ರಕಟಣೆ ಕೊಡುತ್ತದೆ. ಯಾರು ಕಡಿಮೆಗೆ ಕೊಡುತ್ತಾರೆಂಬ ಸ್ಪರ್ಧೆಯಿಲ್ಲ. ಪ್ರಕಟಿಸಿದ ಬೆಲೆಗೆ ಯಾರು ಪೂರೈಸಬಲ್ಲರೆಂಬುದೇ ಪ್ರಶ್ನೆ. ಅದೇ ಊರಿನವರಿಗೆ ಮೊದಲ ಆದ್ಯತೆ, ಆಮೇಲೆ ಸುತ್ತಲಿನವರಿಗೆ. ಒಂದು ಕುಟುಂಬ ವರ್ಷಕ್ಕೆ ಇಂತಿಷ್ಟೇ ಮೊತ್ತದ ಮಾಲು ಮಾರಬಹುದೆಂಬ ಮಿತಿಯುಂಟು, ಹಾಗಾಗಿ ಒಬ್ಬನೇ ಎಲ್ಲವನ್ನೂ ಬಾಚಿಕೊಳ್ಳುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಪೋಷಕರು, ಶಿಕ್ಷಕರು ಇರುವ ಒಂದು ಸಮಿತಿಯಿದೆ. ದೇಶದಲ್ಲಿ ದಿನಕ್ಕೆ ಸುಮಾರು ನಾಲ್ಕು ಕೋಟಿ ಮಕ್ಕಳಿಗೆ ಈ ಊಟ ಸಿಗುತ್ತದೆ.

ತೊಡಕುಗಳೂ ಇದ್ದವು. ಒಬ್ಬ ಸಣ್ಣ ರೈತ ವಾರ ವಾರವೂ ಒಂದೇ ತೂಕದ ಮಾಲನ್ನು ಕೊಡಲಾರ. ವಾಹನವಿಲ್ಲ, ಶೀತಲ ಕೊಠಡಿಯಿಲ್ಲ, ಕಾಗದಪತ್ರ ಬರೆಯಲು ಬಿಡುವಿಲ್ಲ. ಅನೇಕ ಊರುಗಳು ಶೇಕಡಾ 30ರ ಗುರಿ ಮುಟ್ಟಲಿಲ್ಲ. ರೈತರು ಸಹಕಾರ ಸಂಘ ಕಟ್ಟಿಕೊಂಡ ಕಡೆ ಕೆಲಸ ಹಗುರಾಯಿತು. ಹತ್ತು ಮನೆಯ ಮಾಲನ್ನು ಒಂದೆಡೆ ಸೇರಿಸಿ, ತೂಗಿ, ವಿಂಗಡಿಸಿ, ಒಂದೇ ಗಾಡಿಯಲ್ಲಿ ಕಳಿಸುವುದು ಸಂಘದಿಂದ ಸಾಧ್ಯ. ಇದು ಸಹಕಾರಿಗಳಾದ ನಮಗೆ ಹೇಳಿಕೊಡಬೇಕಾದ ಪಾಠವಲ್ಲ.

ಫಲ ಏನು?

ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಪ್ರಮಾಣವೇ ಪೌಷ್ಟಿಕತೆಯ ಅಳತೆಗೋಲು. ಬ್ರೆಜಿಲಿನಲ್ಲಿ ಐದು ವರ್ಷದೊಳಗಿನ ಅಂಥ ಮಕ್ಕಳು 1974-75ರಲ್ಲಿ ನೂರಕ್ಕೆ ಸುಮಾರು 37 ಮಂದಿಯಿದ್ದರು. 1996ಕ್ಕೆ ಸುಮಾರು 13, 2006-07ರ ಹೊತ್ತಿಗೆ ಸುಮಾರು 7. 1996ರ ನಂತರದ ಇಳಿಕೆಗೆ ನಾಲ್ಕು ಮುಖ್ಯ ಕಾರಣಗಳನ್ನು ಅಲ್ಲಿನ ತಜ್ಞರು ಗುರುತಿಸಿದ್ದಾರೆ. ತಾಯಂದಿರ ಓದು, ಬಡವರ ಕೊಳ್ಳುವ ಶಕ್ತಿ, ಹೆರಿಗೆ ಮತ್ತು ಮಕ್ಕಳ ವೈದ್ಯಕೀಯ ಸೌಕರ್ಯ, ನೀರು ಮತ್ತು ಚರಂಡಿ. ಇವುಗಳಲ್ಲಿ ಹೆಚ್ಚಿನ ಇಳುವರಿ ಎಂಬ ಮಾತೇ ಇಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು.

2010ರಲ್ಲಿ ಆಹಾರದ ಹಕ್ಕು ಸಂವಿಧಾನಕ್ಕೆ ಸೇರಿತು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂತು.

ಕೈ ಬಿಟ್ಟಾಗ

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಅದೇ ಹೊತ್ತಿಗೆ ಆರ್ಥಿಕ ಹಿಂಜರಿತ ಬಂತು, ಕೆಲಸಗಳು ಹೋದವು. 2016ರ ಕೊನೆಗೆ ಸರಕಾರದ ಖರ್ಚು ಇಪ್ಪತ್ತು ವರ್ಷ ಬೆಲೆಯೇರಿಕೆಗಿಂತ ಹೆಚ್ಚು ಏರಬಾರದೆಂದು ಸಂವಿಧಾನ ತಿದ್ದಿದರು. ಸಣ್ಣ ರೈತರಿಂದ ಖರೀದಿಗೆ ಇಟ್ಟ ಹಣ ಕರಗುತ್ತ ಬಂತು. ಆಹಾರ ನೀತಿಯ ಬಗ್ಗೆ ಸರಕಾರಕ್ಕೆ ಸಲಹೆ ಕೊಡುತ್ತಿದ್ದ ರಾಷ್ಟ್ರೀಯ ಮಂಡಳಿಯನ್ನು 2019ರ ಜನವರಿಯಲ್ಲಿ ಹೊಸ ಸರಕಾರ ರದ್ದು ಮಾಡಿತು. ಮರುವರ್ಷ ಕೊರೋನಾ ಬಂತು. 2022ರಲ್ಲಿ ಅಲ್ಲಿನ ಸಂಶೋಧಕರ ಜಾಲವೊಂದು ಮಾಡಿದ ಸಮೀಕ್ಷೆಯಂತೆ 3.31 ಕೋಟಿ ಜನ ತೀವ್ರ ಹಸಿವಿನಲ್ಲಿದ್ದರು. ಆ ವರ್ಷಗಳಲ್ಲೂ ಸೋಯಾ, ಮಾಂಸ, ಕಾಫಿ ಹಡಗು ಹತ್ತುವುದು ನಿಂತಿರಲಿಲ್ಲ.

2023ರಲ್ಲಿ ಮಂಡಳಿ ಮರಳಿ ಬಂತು, ಕುಟುಂಬ ಸಹಾಯಧನ ಹೆಚ್ಚಿತು, ಸಣ್ಣ ರೈತರಿಂದ ಖರೀದಿ ಮತ್ತೆ ಆರಂಭವಾಯಿತು. 2025ರಲ್ಲಿ ಬ್ರೆಜಿಲ್ ಎರಡನೆಯ ಸಲ ಹಸಿವಿನ ನಕ್ಷೆಯಿಂದ ಹೊರಬಂತು. ತೋಟಕ್ಕೆ ಒಂದು ವರ್ಷ ಗೊಬ್ಬರ, ಔಷಧಿ ತಪ್ಪಿಸಿದರೆ ಏನಾಗುವುದೆಂದು ಬಲ್ಲ ನಮಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಕಳೆದ ವರ್ಷ ಹೊಡೆದ ಬೋರ್ಡೋ ದ್ರಾವಣ ಈ ವರ್ಷದ ಗೊನೆಯನ್ನು ಕಾಯುವುದಿಲ್ಲ.

ನಮ್ಮ ಮಟ್ಟಿಗೆ

ಈಗ ನಮ್ಮ ಕಡೆ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪಡಿತರವನ್ನು ಹಕ್ಕಾಗಿ ಮಾಡಿತು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿಯೆಂದು ಹೇಳಿದ್ದೂ ಅದೇ ಕಾಯಿದೆ. ಶಾಲೆಯ ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹವೆಂದು ಆರಂಭವಾಗಿ ಬೆಳೆಯಿತು. ಅನ್ನಭಾಗ್ಯ 2013ರಲ್ಲಿ, ತಾಯಿಯ ಕೈಗೆ ಹಣ ಕೊಡುವ ಗೃಹಲಕ್ಷ್ಮಿ 2023ರಲ್ಲಿ ಬಂದವು. ಇವೆಲ್ಲ ಸಣ್ಣ ಕೆಲಸಗಳಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಹೆಚ್ಚುಕಡಿಮೆ ಬ್ರೆಜಿಲ್ 1974-75ರಲ್ಲಿದ್ದ ಜಾಗದಲ್ಲೇ ನಾವಿದ್ದೆವು. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಕ್ಕಿ ಮನೆಗೆ ಬಂದಿದೆ, ಸತ್ವ ಇನ್ನೂ ತಟ್ಟೆಗೆ ಬಂದಿಲ್ಲ.

ಇದು ಬೇರೆಲ್ಲೋ ಇರುವವರ ಮಾತೆಂದು ತಿಳಿಯಬೇಡಿ. ನಮ್ಮಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಹಿತ್ತಿಲಿನ ಹರಿವೆ, ಬಸಳೆ, ಕೆಸು, ಅಲಸಂದೆ ಕಡಿಮೆಯಾಗಿ ಸಂತೆಯ ಚೀಲ ದಪ್ಪವಾಯಿತು. ಧಾರಣೆ ಚೆನ್ನಾಗಿರುವ ತನಕ ಇದು ಕಾಣುವುದಿಲ್ಲ. 2001-02ರಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಅಂಗಡಿಯ ಸಾಲದ ಪುಸ್ತಕ ಹೇಗೆ ಬೆಳೆಯಿತೆಂಬುದು ಅನೇಕ ಮನೆಗಳಿಗೆ ಗೊತ್ತು. ಸಂಘದ ಸಭೆಗಳಲ್ಲಿ ನಾವು ಧಾರಣೆಯ ಮಾತನ್ನು ಎಷ್ಟು ಆಡಿದ್ದೇವೋ ಊಟದ ಮಾತನ್ನು ಅಷ್ಟು ಆಡಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮ ಕೈಯಲ್ಲಿ ಆಗುವ ಮೂರು ಕೆಲಸಗಳನ್ನು ಸೂಚಿಸುತ್ತೇವೆ.

ಒಂದು, ಪ್ರತಿಯೊಬ್ಬ ಸದಸ್ಯರೂ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಪಾತಿಯನ್ನಾದರೂ ಸೊಪ್ಪು ತರಕಾರಿಗೆ ಬಿಡಬೇಕು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಈ ವಿಷಯದಲ್ಲಿ ಸುಳ್ಳು. ನುಗ್ಗೆ, ಪಪ್ಪಾಯಿಗಳಿಗೆ ಹೆಚ್ಚಿನ ಆರೈಕೆಯೂ ಬೇಡ. ತೋಟದ ಲೈನು ಮನೆಗಳ ಪಕ್ಕದಲ್ಲಿ ಕೆಲಸದವರಿಗೂ ಇಷ್ಟು ಜಾಗ ಬಿಟ್ಟುಕೊಡಿ. ಕಾಸ್ತ್ರೊ ಹೇಳಿದ ತಪ್ಪು ನಮ್ಮಿಂದ ಆಗದಿರಲಿ.

ಎರಡು, ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕೆಲಸಕ್ಕೆ ಬಂದ ಕುಟುಂಬಗಳನ್ನು ವಿಚಾರಿಸಿ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಅವರು ತಮ್ಮ ಊರಿನ ಚೀಟಿಯ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಬಸುರಿಯರು, ಬಾಣಂತಿಯರು, ಆರು ತಿಂಗಳಿನಿಂದ ಆರು ವರ್ಷದ ಮಕ್ಕಳು ಅಂಗನವಾಡಿಯ ಪೌಷ್ಟಿಕ ಆಹಾರಕ್ಕೆ ಹಕ್ಕುದಾರರು. ಗೊತ್ತಿಲ್ಲದೆ ಅನೇಕರು ಇದನ್ನು ಕಳೆದುಕೊಳ್ಳುತ್ತಾರೆ. ಹೆಸರು ಬರೆಸಿಕೊಡುವುದು ಅರ್ಧ ದಿನದ ಕೆಲಸ.

ಮೂರು, ಶಾಲೆಯ ಅಡಿಗೆಮನೆ. ಸಣ್ಣ ರೈತರಿಂದ ಇಂತಿಷ್ಟು ಕೊಳ್ಳಲೇಬೇಕೆಂಬ ಬ್ರೆಜಿಲಿನಂಥ ಕಾನೂನು ನಮ್ಮ ದೇಶದಲ್ಲಿಲ್ಲ. ಶಾಲಾ ಕೈತೋಟಕ್ಕೂ ರೈತ ಸಂಸ್ಥೆಗಳಿಂದ ಖರೀದಿಗೂ ಪ್ರೋತ್ಸಾಹವುಂಟು, ಕಡ್ಡಾಯವಿಲ್ಲ. ನಮ್ಮ ಕೆಸು, ಸುವರ್ಣಗೆಡ್ಡೆ, ಬಾಳೆಗೊನೆ, ಹಲಸು ತೋಟದಲ್ಲೇ ಕೊಳೆಯುವಾಗ ಊರ ಶಾಲೆಯ ಸಾಂಬಾರಿಗೆ ಘಟ್ಟದ ಆಚೆಯ ತರಕಾರಿ ಬರಬೇಕೆ? ಸಂಘವು ಅಡಿಕೆ ಕಾಫಿ ಸಂಗ್ರಹಿಸುವ ಅದೇ ಜಾಗದಲ್ಲಿ ವಾರಕ್ಕೊಮ್ಮೆ ಸದಸ್ಯರ ಹೆಚ್ಚುವರಿ ತರಕಾರಿಯನ್ನು ಕೂಡಿಸಿ, ಹತ್ತಿರದ ಒಂದೆರಡು ಶಾಲೆಗಳಿಗೆ ಪೇಟೆ ಧಾರಣೆಯಲ್ಲಿ ಕೊಡಬಹುದೇ ಎಂಬುದನ್ನು ಮುಂದಿನ ಸಭೆಯಲ್ಲಿ ಚರ್ಚಿಸಬೇಕೆಂದು ನಮ್ಮ ಕೋರಿಕೆ. ಲಾಭ ಹೆಚ್ಚಿರದು. ಆದರೆ ಆ ಸಾಲಿನಲ್ಲಿ ಕೂತು ಉಣ್ಣುವವರು ನಮ್ಮ ಮಕ್ಕಳೇ, ನಮ್ಮ ಕೆಲಸದವರ ಮಕ್ಕಳೇ.

ಹಸಿವನ್ನು ಕಳೆಯಲು ಸರಕಾರದ ನೀತಿ ಬೇಕು, ಹಣ ಬೇಕು. ಅದನ್ನು ವರ್ಷ ವರ್ಷವೂ ಕೇಳಿ ಪಡೆಯುವ ಜನರೂ ಬೇಕು. ಮುಂದಿನ ಸಲ ಬ್ರೆಜಿಲಿನಲ್ಲಿ ಹಿಮ ಬಿದ್ದ ಸುದ್ದಿ ಓದಿದಾಗ ಸದಸ್ಯರು ಧಾರಣೆಯನ್ನು ಖಂಡಿತ ವಿಚಾರಿಸಿ. ಜೊತೆಗೆ, ನಮ್ಮೂರ ಶಾಲೆಯಲ್ಲಿ ಇವತ್ತು ಮಧ್ಯಾಹ್ನ ಏನು ಬಡಿಸಿದರೆಂದೂ ಒಮ್ಮೆ ವಿಚಾರಿಸಿ.